ಗಾಯ ಮಾಯ್ದ ಮೇಲಿನ ಪಥ್ಯ

ಶ್ರೀಮಠದ ಆಶ್ರಯದಲ್ಲಿ ಬೆಳೆದುಬಂದಿರುವ ನಮ್ಮ ವಿದ್ಯಾಸಂಸ್ಥೆಯ ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಹಳಗನ್ನಡ ಕಾವ್ಯದ ಪ್ರಸಂಗವೊಂದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದೇ ನಾನು ಮೊದಲು ಎಣಿಸಿದ್ದೆನು. ವ್ಯಾಕರಣವನ್ನೂ ಛಂದಸ್ಸನ್ನೂ ಪಾಠ ಹೇಳುತ್ತ ತಲೆ ನರೆಸಿಕೊಂಡವನಿಗೆ ಅದು ಸುಲಭದ ದಾರಿ. ಆದರೆ ಲೇಖನಿ ಹಿಡಿದು ಕುಳಿತಾಗಲೆಲ್ಲ ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಅವನ ವಿಷಯದಲ್ಲಿ ನಾನು ತಪ್ಪಿದ್ದೇನೆ. ಆ ತಪ್ಪು ಯಾವುದು, ಅದಕ್ಕೆ ಬದಲಾಗಿ ಏನು ಮಾಡಬಹುದಾಗಿತ್ತು ಎಂಬುದನ್ನು ಅನಂತರ ವೈದ್ಯರನ್ನು ಕೇಳಿಯೂ ಓದಿಯೂ ತಿಳಿದುಕೊಂಡೆನು. ಕುಡಿದು ಗಾಯಗೊಂಡವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮತ್ತೆ ಅದೇ ಕುಡಿತಕ್ಕೂ ಅದೇ ಗಾಯಕ್ಕೂ ಬೀಳದಂತೆ ಅವನಿಗೆ ನೆರವಾಗುವ ಬಗೆ ಎಂತು ಎಂಬುದೇ ಪ್ರಕೃತ ಲೇಖನದ ವಿಷಯ.

ಒಬ್ಬ ಶಿಷ್ಯನ ವೃತ್ತಾಂತ

ಅವನ ಹೆಸರನ್ನೂ ಗುರುತನ್ನೂ ಇಲ್ಲಿ ಹೇಳುವುದಿಲ್ಲ. ತರಗತಿಯಲ್ಲಿ ಕಂದಪದ್ಯಕ್ಕೆ ತಪ್ಪಿಲ್ಲದೆ ಪ್ರಸ್ತಾರ ಹಾಕುತ್ತಿದ್ದ ಹುಡುಗ. ಮನೆಯಲ್ಲಿ ಅನುಕೂಲವಿಲ್ಲದೆ ಓದು ನಿಂತು, ಗಾರೆ ಕೆಲಸ ಕಲಿತು ಒಳ್ಳೆಯ ಮೇಸ್ತ್ರಿಯಾದನು. ಮದುವೆಯಾಯಿತು, ಮಗುವಾಯಿತು. ವಾರದ ಬಟವಾಡೆಯ ದಿನ ಗೆಳೆಯರ ಜೊತೆಯಲ್ಲಿ ಕುಡಿಯುವ ಅಭ್ಯಾಸವೂ ಆಯಿತು. ಒಂದು ಸಂಜೆ ಚಳ್ಳಕೆರೆಯಿಂದ ಬೈಕಿನಲ್ಲಿ ಹಿಂದಿರುಗುವಾಗ, ದಾರಿಯ ಮಗ್ಗುಲಿಗೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರು ಕಾಣದೆ ಹೋಗಿ ಬಡಿದು ಕಾಲು ಮುರಿದುಕೊಂಡನು.

ದೂರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆಯಾಗಿ ಕಾಲಿಗೆ ರಾಡು ಹಾಕಿದರು. ಎಲುಬಿಗೆ ಮಾಡಬೇಕಾದ ಚಿಕಿತ್ಸೆಯನ್ನು ಅಲ್ಲಿಯವರು ಚೆನ್ನಾಗಿಯೇ ಮಾಡಿದರು. ಬಂದ ರಾತ್ರಿ ಅವನ ಉಸಿರಿನಲ್ಲಿ ಮದ್ಯದ ವಾಸನೆಯಿತ್ತೆಂದು ಕಾಗದದಲ್ಲಿ ಬರೆದುಕೊಂಡೂ ಇದ್ದರು. ಆದರೆ ಹನ್ನೆರಡು ದಿನಗಳಲ್ಲಿ ಒಬ್ಬರಾದರೂ ಆ ವಿಷಯವನ್ನು ಕುರಿತು ಅವನೊಡನೆ ಕುಳಿತು ಮಾತನಾಡಲಿಲ್ಲ. ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಹೆಸರು, ಹೊಲಿಗೆ ಬಿಚ್ಚುವ ದಿನ, ಇಷ್ಟೇ ಇದ್ದವು.

ಮನೆಗೆ ಬಂದ ಮರುದಿನ ನಾನು ಹೋದೆನು. ಗುರುವೆಂಬ ಅಧಿಕಾರದಿಂದ ಒಂದು ಗಂಟೆಯ ಕಾಲ ಉಪದೇಶ ಮಾಡಿದೆನು. ಸುಭಾಷಿತಗಳನ್ನು ಹೇಳಿದೆನು, ಹೆಂಡತಿಯ ಮುಂದೆ, ತಾಯಿಯ ಮುಂದೆ ಬೈದೆನು. ಊರುಗೋಲಿನಲ್ಲಿ ನಡೆಯುವಂತಾದ ಕೂಡಲೇ ಹೊರಮಠಕ್ಕೆ ಕರೆದುಕೊಂಡು ಹೋಗಿ, ಶ್ರೀ ತಿಪ್ಪೇರುದ್ರಸ್ವಾಮಿಗಳ ಸನ್ನಿಧಿಯಲ್ಲಿ ಇನ್ನೆಂದೂ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದೆನು. ಅವನು ತಲೆ ತಗ್ಗಿಸಿಕೊಂಡು ‘ಆಗಲಿ ಮೇಷ್ಟ್ರೇ’ ಎಂದನು. ಒಂದು ದೊಡ್ಡ ಕಾರ್ಯವನ್ನು ಸಾಧಿಸಿದೆನೆಂಬ ತೃಪ್ತಿಯಿಂದ ನಾನು ಮನೆಗೆ ಬಂದೆನು. ಮತ್ತೆ ಅವನ ಮನೆಯ ಕಡೆ ಹೋಗಲಿಲ್ಲ.

ಎರಡು ತಿಂಗಳ ಮೇಲೆ ಒಂದು ದಿನ ಪೇಟೆಯಲ್ಲಿ ನನ್ನನ್ನು ದೂರದಿಂದಲೇ ಕಂಡು ಓಣಿಯೊಳಕ್ಕೆ ತಿರುಗಿಬಿಟ್ಟನು. ಕೆಲಸದ ಅವಸರವಿರಬೇಕೆಂದುಕೊಂಡೆನು. ವರ್ಷ ತುಂಬುವ ಮೊದಲೇ ಇನ್ನೊಂದು ರಾತ್ರಿ, ಇನ್ನೊಂದು ರಸ್ತೆ. ಈ ಸಲ ಅವನು ಹಿಂದಿರುಗಲಿಲ್ಲ. ತಿಥಿಯ ದಿನ ಅವನ ಹೆಂಡತಿ ಹೇಳಿದ ಮಾತು ಇದು: ‘ಒಂದು ಸಲ ಕುಡಿದು ಆಣೆ ತಪ್ಪಿದರು, ಮೇಷ್ಟ್ರೇ. ಆಮೇಲೆ ನಿಮ್ಮ ಹತ್ತಿರ ಬಂದು ಹೇಳೋಣವೆಂದರೆ ನಾಚಿಕೆಯಾಗಿ ಬರಲಾರದೆ ಹೋದರು.’

ನಾನು ಮಾಡಿಸಿದ ಆಣೆ ಅವನನ್ನು ಕುಡಿತದಿಂದ ದೂರವಿಡಲಿಲ್ಲ, ನನ್ನಿಂದ ದೂರವಿಟ್ಟಿತು.

‘ವ್ಯಸನ’ ಎಂಬ ಶಬ್ದ

ಪಂಡಿತನಿಗೆ ಶಬ್ದದ ಮೂಲಕವೇ ಅರ್ಥ ಹೊಳೆಯುವುದು. ಅಮರಕೋಶವು ವ್ಯಸನ ಶಬ್ದಕ್ಕೆ ವಿಪತ್ತು, ಭ್ರಂಶ, ಕಾಮಕೋಪಗಳಿಂದ ಹುಟ್ಟುವ ದೋಷ ಎಂಬ ಅರ್ಥಗಳನ್ನು ಕೊಡುತ್ತದೆ. ಕನ್ನಡದ ಬಳಕೆಯಲ್ಲಿ ಇದಕ್ಕೆ ದುಃಖವೆಂಬ ಅರ್ಥವೂ ಉಂಟು. ‘ಸುದ್ದಿ ಕೇಳಿ ಬಹಳ ವ್ಯಸನವಾಯಿತು’ ಎನ್ನುತ್ತೇವೆ. ಚಟ, ಆಪತ್ತು, ದುಃಖ ಎಂಬ ಮೂರನ್ನು ನಮ್ಮ ಹಿರಿಯರು ಒಂದೇ ಶಬ್ದದಲ್ಲಿ ಕಟ್ಟಿಟ್ಟಿದ್ದಾರೆ. ಆದರೆ ನಾವು ವ್ಯಸನಿಯನ್ನು ಕಂಡಾಗ ದೋಷವೆಂಬ ಒಂದೇ ಅರ್ಥವನ್ನು ಹಿಡಿದು, ಉಳಿದ ಎರಡನ್ನು ಬಿಟ್ಟುಬಿಡುತ್ತೇವೆ. ಆಸ್ಪತ್ರೆಯು ಆಪತ್ತನ್ನು ಮಾತ್ರ ನೋಡುತ್ತದೆ; ಉಪದೇಶಕನು ಚಟವನ್ನು ಮಾತ್ರ ನೋಡುತ್ತಾನೆ; ದುಃಖವನ್ನು ಮನೆಯವರು ಒಬ್ಬರೇ ಉಣ್ಣುತ್ತಾರೆ. ಈ ಮೂರನ್ನೂ ಒಟ್ಟಿಗೆ ನೋಡುವವರು ಯಾರು ಎಂಬುದೇ ಪ್ರಶ್ನೆ.

ಕುಡಿತಕ್ಕೂ ಗಾಯಕ್ಕೂ ಇರುವ ನಂಟು

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2019ರಲ್ಲಿ ಮದ್ಯದ ಕಾರಣದಿಂದ ಜಗತ್ತಿನಲ್ಲಿ ಸುಮಾರು 26 ಲಕ್ಷ ಜನರು ಮಡಿದರು; ಅವರಲ್ಲಿ ಸುಮಾರು 7 ಲಕ್ಷ ಜನರು ಸತ್ತದ್ದು ಗಾಯಗಳಿಂದ. ಕುಡಿತದ ಸಾವೆಂದರೆ ಯಕೃತ್ತು ಕೆಟ್ಟು ಬರುವ ಸಾವೆಂದು ನಾವು ತಿಳಿದಿರುತ್ತೇವೆ. ಅದಕ್ಕೆ ವರ್ಷಗಳು ಬೇಕು. ಗಾಯಕ್ಕೆ ಒಂದು ಸಂಜೆ ಸಾಕು. ಎಂದೋ ಒಂದು ದಿನ ಹೆಚ್ಚಾಗಿ ಕುಡಿದವನೂ ಬೈಕಿನಿಂದ, ಸಾರುವೆಯಿಂದ, ಕಟ್ಟೆಯಿಲ್ಲದ ಬಾವಿಯ ಅಂಚಿನಿಂದ ಬೀಳಬಹುದು. ಕೆರಳಿದ ಮಾತಿನಿಂದ ಹೊಡೆದಾಟಕ್ಕೆ ಇಳಿಯಬಹುದು. ಆದುದರಿಂದ ‘ನಾನೇನು ಕುಡುಕನಲ್ಲ, ವಾರಕ್ಕೊಮ್ಮೆ ಮಾತ್ರ’ ಎನ್ನುವವನಿಗೂ ಈ ಅಪಾಯವಿದೆ.

ಇಲ್ಲಿ ಅಳತೆಯ ಲೆಕ್ಕವನ್ನು ಸ್ವಲ್ಪ ತಿಳಿಯಬೇಕು. 10 ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಪ್ರಮಾಣವೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ನಮ್ಮ ಅಂಗಡಿಗಳಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಶೇಕಡ 42.8 ಭಾಗ ಮದ್ಯಸಾರವಿರುತ್ತದೆ. ಅಂದರೆ 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ, ಎಂದರೆ ಆರು ಪ್ರಮಾಣ, ‘ನೈಂಟಿ’ಯಲ್ಲಿ ಮೂರು. ಶೇಕಡ 8ರ 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರಿನ ಬಾಟಲಿಯಲ್ಲಿ ನಾಲ್ಕು. ‘ಒಂದೇ ಒಂದು ಕ್ವಾರ್ಟರು’ ಎನ್ನುವವನು ಒಂದೇ ಕೂಟಕ್ಕೆ ಆರು ಪ್ರಮಾಣವನ್ನು ಕುಡಿದಿರುತ್ತಾನೆ. ದೇಹವು ಗಂಟೆಗೆ ಹೆಚ್ಚುಕಡಿಮೆ ಒಂದು ಪ್ರಮಾಣವನ್ನು ಮಾತ್ರ ಕರಗಿಸಬಲ್ಲದು. ರಾತ್ರಿ ಹತ್ತಕ್ಕೆ ಮುಗಿಸಿದ ಕ್ವಾರ್ಟರಿನ ಶೇಷವು ಬೆಳಗಿನ ಜಾವದವರೆಗೂ ರಕ್ತದಲ್ಲಿರುತ್ತದೆ. ಮಜ್ಜಿಗೆಯಾಗಲಿ ತಣ್ಣೀರ ಸ್ನಾನವಾಗಲಿ ಅದನ್ನು ಬೇಗ ಇಳಿಸಲಾರವು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯು 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರವನ್ನು ಮೀರಿ ವಾಹನ ನಡೆಸುವುದನ್ನು ಅಪರಾಧವೆಂದಿದೆ. 2019ರ ತಿದ್ದುಪಡಿಯಿಂದ ಮೊದಲ ತಪ್ಪಿಗೆ 10,000 ರೂಪಾಯಿಯ ದಂಡವೋ ಆರು ತಿಂಗಳವರೆಗಿನ ಸೆರೆಯೋ ಎರಡೂ ಆಗಿಯೋ ವಿಧಿಸಬಹುದಾಗಿದೆ.

ಕಾನೂನುಗಳು ಬೇಕು, ಆದರೆ ಅವುಗಳ ಕೈ ಮನೆಯೊಳಗೆ ಚಾಚುವುದಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದರು. ಸಾರಾಯಿ ಅಂಗಡಿ ಮುಚ್ಚಿತು. ಬಿಡಲಾರದವನು ಪಕ್ಕದ ಬ್ರಾಂಡಿ ಅಂಗಡಿಗೆ ನಡೆದನು. ಮನುಷ್ಯನ ಮನಸ್ಸು ತಿರುಗದ ಹೊರತು ದಾರಿ ಬದಲಾದೀತೇ ವಿನಾ ನಡಿಗೆ ನಿಲ್ಲದು.

ಮಂಚದ ಪಕ್ಕದಲ್ಲಿ ಆಡುವ ಮಾತು

ಮನಸ್ಸು ತಿರುಗುವುದಕ್ಕೆ ಒಂದು ಕಾಲವುಂಟು. ಗಾಯಗೊಂಡು ಮಲಗಿದವನು ಸೂರನ್ನು ನೋಡುತ್ತ ತನ್ನ ಬದುಕನ್ನು ಲೆಕ್ಕ ಹಾಕುತ್ತಿರುತ್ತಾನೆ. ಆ ದಿನಗಳಲ್ಲಿ ಅವನ ಕಿವಿ ತೆರೆದಿರುತ್ತದೆ. ಅದನ್ನು ಅರಿತ ವೈದ್ಯರು ಆ ಹೊತ್ತಿನಲ್ಲಿ ಆಡುವ ಒಂದು ಕಿರಿದಾದ ಮಾತುಕತೆಯಿಂದ ಏನಾಗುವುದೆಂದು ಪರೀಕ್ಷಿಸಿ ನೋಡಿದ್ದಾರೆ.

ಅಮೆರಿಕದ ಸಿಯಾಟಲ್ ನಗರದ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ಲ್ಯಾರಿ ಜೆಂಟಿಲೆಲೊ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ನಡೆಸಿ 1999ರಲ್ಲಿ ಪ್ರಕಟಿಸಿದ ಪರೀಕ್ಷೆ ಇವುಗಳಲ್ಲಿ ಪ್ರಸಿದ್ಧವಾದುದು. ಕುಡಿತದ ತೊಂದರೆಯಿದ್ದ 762 ಮಂದಿ ಗಾಯಾಳುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರೊಡನೆ ಮನಶ್ಶಾಸ್ತ್ರಜ್ಞರೊಬ್ಬರು ಒಂದು ಸಲ ಮಾತನಾಡಿದರು. ತಿಂಗಳ ಮೇಲೆ ಒಂದು ಪತ್ರವನ್ನು ಬರೆದರು. ಇನ್ನೊಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ ಮಾತ್ರ. ವರ್ಷದ ಕೊನೆಯಲ್ಲಿ ಮಾತನಾಡಿಸಿಕೊಂಡವರು ವಾರಕ್ಕೆ ಕುಡಿಯುವ ಪ್ರಮಾಣವನ್ನು ಸರಾಸರಿ 21.8ರಷ್ಟು ಇಳಿಸಿದ್ದರು, ಉಳಿದವರು 6.7ರಷ್ಟು. ಮತ್ತೆ ಗಾಯಗೊಂಡು ಬಂದವರೂ ಮೊದಲ ಗುಂಪಿನಲ್ಲಿ ಕಡಮೆಯಾಗಿ ಕಂಡರು. ಅನಂತರ ನಡೆದ ಪರೀಕ್ಷೆಗಳೆಲ್ಲವೂ ಇದೇ ಫಲವನ್ನು ಕೊಟ್ಟಿಲ್ಲ, ಇದು ಸಂಜೀವಿನಿಯಲ್ಲ. ಆದರೂ ಆಡದೆ ಬಿಡುವುದಕ್ಕಿಂತ ಆಡುವುದು ಲೇಸೆಂಬುದರಲ್ಲಿ ವೈದ್ಯಲೋಕಕ್ಕೆ ಬಹುಮಟ್ಟಿನ ಸಹಮತವಿದೆ. ಆಫ್ರಿಕದ ತಾಂಜಾನಿಯ ದೇಶದ ಮೋಶಿ ಎಂಬ ಊರಿನಲ್ಲಿಯೂ ಗಾಯಾಳುಗಳಿಗಾಗಿ ಇಂಥದೇ ಕ್ರಮವನ್ನು ಅಲ್ಲಿಯ ನುಡಿಗೂ ನಡೆಗೂ ಹೊಂದಿಸಿ ರೂಪಿಸಿದ್ದಾರೆ. ದಾದಿಯರೇ ಮಾತನಾಡುತ್ತಾರೆ, ಮನೆಗೆ ಹೋದ ಮೇಲೆ ಮೊಬೈಲಿಗೆ ಕಿರುಸಂದೇಶಗಳನ್ನು ಕಳಿಸುತ್ತಾರೆ. ಅದರ ಸ್ವಾಹಿಲಿ ಹೆಸರಿನ ಅರ್ಥ ‘ನಿನ್ನ ಆರೋಗ್ಯಕ್ಕಾಗಿ ಕುಡಿತ ಕಡಮೆ ಮಾಡು’ ಎಂದು.

ಇದಕ್ಕೆ ದೊಡ್ಡ ವೈದ್ಯರೇ ಬೇಕೆ ಎಂದು ವಾಚಕರು ಕೇಳಬಹುದು. ನಮ್ಮ ನೆರೆಯ ಗೋವೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯು ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಅಪಾಯಕಾರಿಯಾಗಿ ಕುಡಿಯುತ್ತಿದ್ದ ಗಂಡಸರೊಡನೆ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ನಾಲ್ಕು ಸಲದೊಳಗೆ ಮಾತನಾಡಿದರು. ಮೂರು ತಿಂಗಳ ಮೇಲೆ ಕೇಳಿದಾಗ, ಹಿಂದಿನ ಹದಿನಾಲ್ಕು ದಿನ ಮುಟ್ಟಿಲ್ಲವೆಂದವರು ಈ ಗುಂಪಿನಲ್ಲಿ ನೂರಕ್ಕೆ 42, ಬರಿಯ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ 18. ಅವರು ಗಾಯಾಳುಗಳೇ ಆಗಿರಲಿಲ್ಲವೆಂಬುದು ನಿಜ. ಆದರೆ ಮಾತನಾಡಿಸುವವರು ನಮ್ಮಂಥವರೇ ಆಗಿದ್ದರೆಂಬುದು ನಮಗೆ ಮುಖ್ಯ.

ಮಾತನಾಡುವ ಕ್ರಮ

ನಾನು ತಪ್ಪಿದ್ದು ಇಲ್ಲಿಯೇ ಆದುದರಿಂದ ಇದನ್ನು ತುಸು ವಿವರವಾಗಿ ಹೇಳುತ್ತೇನೆ.

ಮೊದಲನೆಯದು, ಅನುಮತಿ ಕೇಳುವುದು. ‘ಏನಪ್ಪ, ನಿನ್ನ ಜೊತೆ ಹತ್ತು ನಿಮಿಷ ಕುಡಿತದ ವಿಷಯ ಮಾತನಾಡಬಹುದೆ? ಬೇಡವೆಂದರೆ ಇನ್ನೊಂದು ದಿನ ಬರುತ್ತೇನೆ.’ ಇದನ್ನು ಅವನೊಬ್ಬನೇ ಇದ್ದಾಗ ಕೇಳಬೇಕು. ಹೆಂಡತಿಮಕ್ಕಳ ಮುಂದೆ ಕೇಳಿದರೆ ಅದು ಮಾತುಕತೆಯಾಗದೆ ಪಂಚಾಯಿತಿಯಾಗುತ್ತದೆ.

ಎರಡನೆಯದು, ಅಳತೆಯನ್ನು ಕೇಳಿ ತಿಳಿಯುವುದು. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು, ಯಾರ ಜೊತೆ ಎಂದು ನಿಂದೆಯ ದನಿಯಿಲ್ಲದೆ ಕೇಳಬೇಕು. ಆಸ್ಪತ್ರೆಗಳಲ್ಲಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದುಂಟು. ಅದಕ್ಕೆ ಒಟ್ಟು 40 ಅಂಕ. 8 ಮತ್ತು ಅದಕ್ಕೆ ಮೇಲ್ಪಟ್ಟರೆ ಅಪಾಯಕಾರಿ ಕುಡಿತ, 20 ಮುಟ್ಟಿದರೆ ತಜ್ಞರ ಬಳಿಗೆ ಕಳಿಸಬೇಕಾದ ಸ್ಥಿತಿ ಎಂದು ಎಣಿಸುತ್ತಾರೆ.

ಮೂರನೆಯದು, ಗಾಯಕ್ಕೂ ಕುಡಿತಕ್ಕೂ ಇರುವ ನಂಟನ್ನು ಅವನ ಬಾಯಿಂದಲೇ ಬರಿಸುವುದು. ‘ಕುಡಿದೇ ಬಿದ್ದೆ’ ಎಂದು ನಾವು ಹೇಳಿದರೆ ಅವನು ಟ್ರ್ಯಾಕ್ಟರಿನವನ ತಪ್ಪನ್ನು ಹೇಳುತ್ತಾನೆ; ತಪ್ಪೂ ಇದ್ದೀತು. ‘ಆ ಸಂಜೆ ಏನೇನಾಯಿತು, ಮೊದಲಿಂದ ಹೇಳು’ ಎಂದು ಕೇಳಿ ಸುಮ್ಮನೆ ಕುಳಿತರೆ, ಬಹುಮಟ್ಟಿಗೆ ಅವನೇ ಆ ಮಾತಿಗೆ ಬರುತ್ತಾನೆ. ತಾನೇ ಆಡಿದ ಮಾತನ್ನು ಮನುಷ್ಯನು ಸುಲಭವಾಗಿ ತಳ್ಳಿಹಾಕಲಾರನು.

ನಾಲ್ಕನೆಯದು, ಮನಸ್ಸನ್ನು ತೂಗಿ ನೋಡುವುದು. ವೈದ್ಯರು ಇದಕ್ಕೆ ಸೊನ್ನೆಯಿಂದ ಹತ್ತರವರೆಗಿನ ಅಳತೆಯನ್ನು ಬಳಸುತ್ತಾರೆ. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ‘ಕಡಮೆ ಮಾಡಬೇಕೆಂಬ ಮನಸ್ಸು ರೂಪಾಯಿಗೆ ಎಷ್ಟಾಣೆ ಇದೆ?’ ಎಂದು ಕೇಳಬೇಕು. ‘ನಾಲ್ಕಾಣೆ’ ಎಂದರೆ, ‘ಅಷ್ಟೇ ಏಕೆ?’ ಎಂದು ಗದರಿಸುವುದು ನಮ್ಮ ಅಭ್ಯಾಸ. ಹಾಗೆ ಕೇಳಿದರೆ ಕುಡಿಯುವುದಕ್ಕಿರುವ ಕಾರಣಗಳನ್ನು ಹೇಳುತ್ತಾನೆ. ಅದರ ಬದಲು ‘ನಾಲ್ಕಾಣೆಯಾದರೂ ಇದೆಯಲ್ಲ, ಅದು ಎಲ್ಲಿಂದ ಬಂತು?’ ಎಂದು ಕೇಳಿದರೆ ಬಿಡುವುದಕ್ಕಿರುವ ಕಾರಣಗಳನ್ನು ಹೇಳುತ್ತಾನೆ: ಮಗಳ ಶಾಲೆ, ಸಾಲ, ತಾಯಿಯ ಮುಪ್ಪು. ಆ ನಾಲ್ಕಾಣೆಯೇ ಮೂಲಧನ.

ಐದನೆಯದು, ಅವನದೇ ಆದ ಒಂದು ಯೋಜನೆ. ‘ಎಂದೆಂದಿಗೂ ಮುಟ್ಟುವುದಿಲ್ಲ’ ಎಂಬ ಭೀಷ್ಮಪ್ರತಿಜ್ಞೆಗಿಂತ, ‘ಎಲುಬು ಕೂಡುವವರೆಗೆ ಮುಟ್ಟುವುದಿಲ್ಲ, ಬಟವಾಡೆಯ ದಿನ ದುಡ್ಡನ್ನು ಮೊದಲು ಮನೆಗೆ ಕೊಟ್ಟು ಬರುತ್ತೇನೆ, ಬೈಕಿನ ಬೀಗದ ಕೈ ತಮ್ಮನ ಹತ್ತಿರವಿರಲಿ’ ಎಂಬ ಕಿರುನಿಶ್ಚಯಗಳು ಹೆಚ್ಚು ದಿನ ನಿಲ್ಲುತ್ತವೆ. ಪೂರ್ತಿ ಬಿಡುವುದೇ ಲೇಸೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಆದರೆ ನಿಶ್ಚಯ ಅವನದಾಗಿರಬೇಕು.

ಆರನೆಯದು, ಮತ್ತೆ ಬರುವೆನೆಂದು ಹೇಳಿ, ಹೇಳಿದಂತೆ ಬರುವುದು. ‘ಈ ನಡುವೆ ತಪ್ಪಿದರೂ ನನ್ನಿಂದ ಮುಚ್ಚಿಡಬೇಡ, ಮತ್ತೆ ಮೊದಲಿನಿಂದ ನೋಡೋಣ’ ಎಂಬ ಒಂದು ಮಾತನ್ನು ನಾನು ಅಂದು ಹೇಳಿದ್ದರೆ ನನ್ನ ಶಿಷ್ಯನು ಓಣಿ ತಿರುಗುತ್ತಿರಲಿಲ್ಲವೇನೋ.

ಮಾತು ಸಾಲದ ಕಡೆ

ಇಷ್ಟರಿಂದಲೇ ಎಲ್ಲರಿಗೂ ಗುಣವಾಗುವುದೆಂದು ತಿಳಿಯಬಾರದು. ಬೆಳಗೆದ್ದರೆ ಕೈ ನಡುಗುವವನು, ಕುಡಿಯದೆ ನಿದ್ರೆ ಬಾರದವನು, ದಿನವೂ ಹೆಚ್ಚಾಗಿ ಕುಡಿಯುವವನು ರೋಗಿಯೇ ಸರಿ. ಅವನಿಗೆ ವೈದ್ಯರ ಚಿಕಿತ್ಸೆಯೇ ಬೇಕು. ಅಂಥವನು ಆಸ್ಪತ್ರೆ ಸೇರಿದಾಗ ಕುಡಿತ ತಟ್ಟನೆ ನಿಂತುಹೋಗುತ್ತದೆ. ಮೊದಲ ದಿನ ನಡುಕ, ಬೆವರು, ವಾಕರಿಕೆ. ಎರಡು ದಿನಗಳೊಳಗೆ ಕೆಲವರಿಗೆ ಸೆಳವು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಭ್ರಮೆ. ಗೋಡೆಯ ಮೇಲೆ ಹುಳುಗಳು ಹರಿದಂತೆ ಕಾಣುತ್ತವೆ. ಮಂಚದಿಂದ ಎದ್ದು ಓಡಲು ನೋಡುತ್ತಾನೆ. ಮನೆಯವರು ಗಾಳಿ ಸೋಂಕಿತೆಂದು ತಾಯಿತ ತರಲು ಓಡುತ್ತಾರೆ. ಇದು ಗಾಳಿಯಲ್ಲ, ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ, ಔಷಧದಿಂದ ಶಮನವಾಗುವಂಥದು. ಆದುದರಿಂದ ಗಾಯಾಳುವು ಎಷ್ಟು ಕುಡಿಯುತ್ತಿದ್ದನು, ಕಡೆಯದಾಗಿ ಯಾವಾಗ ಕುಡಿದನು ಎಂಬುದನ್ನು ಮೊದಲ ದಿನವೇ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಇದೇ ಕಾರಣಕ್ಕೆ, ಇಂಥವನನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲೂ ಬಾರದು.

ಇನ್ನೊಂದು ಎಚ್ಚರ. ತಲೆಗೆ ಪೆಟ್ಟು ಬಿದ್ದವನು ತೂಗಡಿಸುತ್ತಿದ್ದರೆ ‘ಕುಡಿದು ಮಲಗಿದ್ದಾನೆ, ಬೆಳಿಗ್ಗೆ ಏಳುತ್ತಾನೆ’ ಎಂದು ಬಿಡಬಾರದು. ಮಿದುಳಿನೊಳಗೆ ರಕ್ತ ಸೋರುತ್ತಿದ್ದರೂ ಹಾಗೆಯೇ ಇರುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಮನೆಗೆ ಬಂದ ಮೇಲಿನ ವಾರಗಳು ಕಠಿನವಾದವು. ನೋವು, ನಿದ್ರೆಯಿಲ್ಲದ ರಾತ್ರಿ, ದುಡಿಮೆಯಿಲ್ಲದ ಹಗಲು, ಕೈಸಾಲ. ನೋಡಲು ಬಂದ ಗೆಳೆಯನು ನೋವು ಮರೆಯಲೆಂದು ಬಾಟಲಿಯನ್ನೇ ತರುತ್ತಾನೆ. ಮದ್ಯವು ಎಲುಬು ಕೂಡುವುದನ್ನು ತಡಮಾಡುತ್ತದೆ. ನಿದ್ರೆಯ ಮಾತ್ರೆ, ಸೆಳವಿನ ಮಾತ್ರೆ, ಕೆಲವು ನೋವಿನ ಮಾತ್ರೆಗಳೊಡನೆ ಕೂಡಿದರೆ ಉಸಿರನ್ನೇ ಕುಗ್ಗಿಸಬಲ್ಲದು. ಪ್ಯಾರಾಸಿಟಮಾಲ್ ಕೂಡ ಹೆಚ್ಚು ಕುಡಿಯುವವನ ಯಕೃತ್ತಿಗೆ ಅಪಾಯ ತರಬಹುದು. ಮತ್ತೊಂದು ಕಡೆ, ಕುಡಿತ ಬಿಡಿಸುವ ಪುಡಿಯೆಂದು ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡುವುದೂ ನಡೆದಿದೆ. ವೈದ್ಯರು ಅರಿತು ಕೊಡುವ ಡೈಸಲ್ಫಿರಾಮ್ ಎಂಬ ಮದ್ದು, ಅದರ ಮೇಲೆ ಮದ್ಯ ಬಿದ್ದರೆ ಪ್ರಾಣಾಪಾಯವನ್ನೇ ತರಬಲ್ಲದು. ರೋಗಿಗೆ ತಿಳಿಯದಂತೆ ಅದನ್ನು ಕೊಡುವುದು ಸರ್ವಥಾ ಸಲ್ಲದು.

ಸಹಾಯ ಎಲ್ಲಿ ದೊರೆಯುವುದೆಂಬುದನ್ನೂ ತಿಳಿದಿರಬೇಕು. ಹಳ್ಳಿಯ ಆರೋಗ್ಯ ಕೇಂದ್ರದ ಮೂಲಕ ಮನೋರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು, ಮೊಳಕಾಲ್ಮೂರಿಗೆ ಹೊಂದಿಕೊಂಡಿರುವ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಆರಂಭಿಸಿದ ಕಾರ್ಯಕ್ರಮ. ಅದರ ಮಾದರಿಯಲ್ಲಿ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಇಂದು ರಾಜ್ಯದ ಜಿಲ್ಲೆಗಳಲ್ಲಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ, ಹಣ ಕೊಡದೆ ಮಾತನಾಡಬಹುದು.

ಜೋಳಿಗೆಯ ಪಾಠ

ಇದೆಲ್ಲ ಹೊರನಾಡಿನ ವಿದ್ಯೆ, ನಮ್ಮ ಮಠಮಾನ್ಯಗಳಿಗೆ ಹೊಸದು ಎಂದು ಯಾರಾದರೂ ಎಣಿಸಿದರೆ, ಇಳಕಲ್ಲಿನ ಶ್ರೀ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳನ್ನು ನೆನೆಯಬೇಕು. 1930ರ ಆಗಸ್ಟ್ 1ರಂದು ಜನಿಸಿ 2018ರಲ್ಲಿ ಲಿಂಗೈಕ್ಯರಾದ ಅವರು ದಶಕಗಳ ಕಾಲ ಜೋಳಿಗೆ ಹಿಡಿದು ಕೇರಿಕೇರಿಗೆ ಹೋದರು. ಅವರು ಬೇಡಿದ ಭಿಕ್ಷೆ ಕಾಸೂ ಅಲ್ಲ, ಕಾಳೂ ಅಲ್ಲ, ಜನರ ದುಶ್ಚಟಗಳು. ಅದು ‘ಮಹಾಂತ ಜೋಳಿಗೆ’ ಎಂದೇ ಹೆಸರಾಯಿತು. ಅವರ ಜನ್ಮದಿನವನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಾರೆ.

ಈ ಕ್ರಮದಲ್ಲಿರುವ ಸೂಕ್ಷ್ಮವನ್ನು ನಾನು ಬಹುಕಾಲ ಗಮನಿಸಿರಲಿಲ್ಲ. ಭಿಕ್ಷೆ ಬೇಡುವವನ ದನಿಯಲ್ಲಿ ಆಜ್ಞೆಯಿರುವುದಿಲ್ಲ. ಬಾಗಿಲಿಗೆ ತಾನೇ ಹೋಗುತ್ತಾನೆ. ಹೊಸ್ತಿಲ ಹೊರಗೆ ನಿಲ್ಲುತ್ತಾನೆ. ಕೊಡುವುದೂ ಬಿಡುವುದೂ ಮನೆಯವನ ಇಷ್ಟ. ಚಟವನ್ನು ಕೊಟ್ಟವನು ಸೋತವನಾಗುವುದಿಲ್ಲ, ದಾನಿಯಾಗುತ್ತಾನೆ. ನಾನು ಆಣೆ ಮಾಡಿಸಿದಾಗ ಶಿಷ್ಯನನ್ನು ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸಿದ್ದೆನು. ಮಹಾಂತ ಸ್ವಾಮಿಗಳು ಅವನನ್ನು ಕೊಡುವವನ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಅನುಮತಿ ಕೇಳಿ, ನಿಂದಿಸದೆ, ನಿಶ್ಚಯವನ್ನು ಅವನಿಗೇ ಬಿಡಬೇಕೆಂದು ಇಂದಿನ ವೈದ್ಯಶಾಸ್ತ್ರ ಹೇಳುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ರಾಜ್ಯದ ಉದ್ದಗಲಕ್ಕೂ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿಯೂ, ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ಗಳ ಮೂಲಕ ಬಿಟ್ಟವರನ್ನು ಒಟ್ಟಿಗೆ ಸೇರಿಸುವ ಏರ್ಪಾಡಿದೆ. ಬಿಡಿಸುವುದು ಒಂದು ದಿನದ ಕೆಲಸ, ಬಿಟ್ಟವನ ಜೊತೆಗಿರುವುದು ಬಹುದಿನದ ಕೆಲಸ ಎಂಬುದನ್ನು ಅವರು ಕಂಡುಕೊಂಡಿದ್ದಾರೆ.

ನಾವು ಮಾಡಬಹುದಾದದ್ದು

ನಾಯಕನಹಟ್ಟಿಯಂಥ ಊರಿನಲ್ಲಿ ಗಾಯಾಳುವು ಚಳ್ಳಕೆರೆಗೋ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿ ಚಿಕಿತ್ಸೆ ಪಡೆದು ಬರುತ್ತಾನೆ. ಆಸ್ಪತ್ರೆಯ ಕೈ ಅದರ ಬಾಗಿಲವರೆಗೆ. ಅಲ್ಲಿಂದ ಮುಂದೆ ಅವನ ಬಾಗಿಲವರೆಗಿನ ದಾರಿಯಲ್ಲಿ ಯಾರೂ ಇಲ್ಲ. ಆ ದಾರಿ ನಮ್ಮದು. ಅಧ್ಯಾಪಕರಿಗೆ ಮನೆಮನೆಯ ಪರಿಚಯವುಂಟು. ಹಳೆಯ ವಿದ್ಯಾರ್ಥಿಗಳು ಪ್ರತಿ ಓಣಿಯಲ್ಲಿಯೂ ಇದ್ದಾರೆ. ದಾನಿಗಳ ಕೈ ಎಂದೂ ಹಿಂದೆಗೆದಿಲ್ಲ.

ನನ್ನ ಸೂಚನೆಗಳು ಅಲ್ಪವಾದವು. ಹಳೆಯ ವಿದ್ಯಾರ್ಥಿಗಳಲ್ಲಿ ಆರೇಳು ಮಂದಿ, ಸಾಧ್ಯವಾದರೆ ಕುಡಿತವನ್ನು ಬಿಟ್ಟವರನ್ನೂ ಸೇರಿಸಿಕೊಂಡು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಂದ ಈ ಮಾತುಕತೆಯ ಕ್ರಮವನ್ನು ಕಲಿಯಲಿ. ಗಾಯಗೊಂಡು ಮನೆಗೆ ಬಂದವನನ್ನು, ಅವನು ಒಪ್ಪಿದರೆ, ವಾರದೊಳಗೆ ಒಮ್ಮೆ, ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಹೋಗಿ ಕಾಣಲಿ. ನಡುವೆ ಒಂದು ದೂರವಾಣಿ ಕರೆ. ಮರುಪರೀಕ್ಷೆಗೆ ಆಸ್ಪತ್ರೆಗೆ ಹೋಗುವ ದಿನ ಜೊತೆಗೊಬ್ಬರು ಹೋಗಲಿ. ದಾನಿಗಳು ಕೊಡುವ ಹಣದಲ್ಲಿ ಒಂದು ಪಾಲು ಬಸ್ಸಿನ ಖರ್ಚಿಗೂ, ದುಡಿಮೆ ನಿಂತ ಮನೆಯ ಒಂದೆರಡು ತಿಂಗಳ ದಿನಸಿಗೂ ಮೀಸಲಾಗಲಿ. ಹಸಿವು ಮತ್ತು ಅವಮಾನಗಳೆರಡೂ ಬಾಟಲಿಯ ಕಡೆಗೆ ನೂಕುವ ಕೈಗಳು. ಕೊಟ್ಟವರ ಹೆಸರು ಫಲಕದಲ್ಲಿ ಇರಲಿ. ಪಡೆದವರ ಹೆಸರು ಎಲ್ಲಿಯೂ ಬೇಡ. ಸಭೆಯಲ್ಲಿ ನಿಲ್ಲಿಸಿ ಪ್ರಮಾಣ ಮಾಡಿಸುವುದಂತೂ ಬೇಡವೇ ಬೇಡ.

ಅಧ್ಯಾಪಕ ಮಿತ್ರರಿಗೆ ಒಂದು ಮಾತು. ಅಂಥ ಮನೆಯ ಮಗು ನಮ್ಮ ತರಗತಿಯಲ್ಲಿ ಇರುತ್ತದೆ. ಕುಡಿತದ ಕೇಡನ್ನು ಪಾಠ ಹೇಳುವಾಗ ಮಾತಿನ ಮೊನೆ ಆ ಮಗುವಿನ ಎದೆಗೆ ತಾಗದಂತೆ ನೋಡಿಕೊಳ್ಳಬೇಕು. ತಂದೆಯ ಗಾಯವನ್ನು ಮಗು ಹೊತ್ತುಕೊಂಡು ಬಂದಿರುತ್ತದೆ.

ವೈದ್ಯನು ಗಾಯವನ್ನು ಕಟ್ಟಿ ಮದ್ದು ಕೊಟ್ಟ ಮೇಲೆ ‘ಪಥ್ಯ’ ಹೇಳುತ್ತಾನೆ. ಪಥಕ್ಕೆ ಹಿತವಾದುದು ಪಥ್ಯ. ಆದರೆ ಆ ಪಥದಲ್ಲಿ ರೋಗಿ ಒಬ್ಬನೇ ನಡೆಯಲಾರನು. ಮಾಡಿದಷ್ಟೇ ಭಿಕ್ಷೆ ದೊರೆಯುವುದೆಂದು ನಮ್ಮ ಊರಿನ ಸ್ವಾಮಿಗಳು ಹೇಳಿದ ಮಾತು ಇಲ್ಲಿಯ ಮಕ್ಕಳ ಬಾಯಲ್ಲಿಯೂ ಇದೆ. ಶಿಷ್ಯನ ಮನೆಗೆ ನಾನು ಒಂದು ಸಲ ಹೋದೆನು, ಎರಡನೆಯ ಸಲ ಹೋಗಲಿಲ್ಲ. ನನಗೆ ದೊರೆತದ್ದೂ ಅಷ್ಟೇ. ಅವನ ಮಗಳು ಈಗ ನಮ್ಮ ಶಾಲೆಯಲ್ಲಿ ಓದುತ್ತಿದ್ದಾಳೆ. ತಂದೆಯಂತೆಯೇ ತಪ್ಪಿಲ್ಲದೆ ಪ್ರಸ್ತಾರ ಹಾಕುತ್ತಾಳೆ. ಇನ್ನೊಂದು ಮನೆಯಲ್ಲಿ ಇನ್ನೊಬ್ಬನು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಇಂದು ಮಲಗಿರಬಹುದು. ಈ ಸಂಚಿಕೆಯನ್ನು ಓದಿ ಮುಗಿಸಿದವರಲ್ಲಿ ಒಬ್ಬರಾದರೂ ಅವನ ಬಾಗಿಲಿಗೆ ಹೋಗಿ, ಬೈಯದೆ, ಆಣೆಯಿಡಿಸದೆ, ‘ಹೇಗಿದ್ದೀಯಪ್ಪ?’ ಎಂದು ಕೇಳಿ, ಮುಂದಿನ ವಾರ ಮತ್ತೆ ಹೋದರೆ ನನ್ನ ಬರೆಹ ಸಾರ್ಥಕ.